ಪುಟ ತುಂಬುವ ತನಕ

ಮೋಮಿನಪುರದ ನಮ್ಮ ಸಣ್ಣ ಆಫೀಸಿನಲ್ಲಿ ಆತ ಪ್ರೋಗ್ರಾಮರ್. ಪರದೆಯ ಮೇಲೆ ಕಾಣಿಸಿಕೊಳ್ಳದ ಬ್ರೌಸರಿನಲ್ಲಿ ಹತ್ತಾರು ವೆಬ್‌ಸೈಟುಗಳನ್ನು ಒಟ್ಟಿಗೇ ತೆರೆದು ಮಾಹಿತಿ ಹೆಕ್ಕುತ್ತಿದ್ದ. ಆ ಪುಟಗಳು ಮೊದಲು ಖಾಲಿ ಬರುತ್ತವೆ, ಆಮೇಲೆ ತುಂಬಿಕೊಳ್ಳುತ್ತವೆ. ನಾವು ಅವಸರ ಮಾಡಿದರೆ ಅಂಗೈ ಎತ್ತುತ್ತಿದ್ದ: "ತಡೀರಿ, ಪುಟ ಪೂರಾ ತುಂಬ್ಲಿ."

ಹತ್ತಿರದ ಕಮಲಾಪುರದಲ್ಲಿ ಅವನ ತಂಗಿಗೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ರಕ್ತನಿಧಿಗಳ ಪುಟಗಳನ್ನೆಲ್ಲ ಒಮ್ಮೆಗೇ ತೆರೆದ. ಪುಟ ತುಂಬುವ ತನಕ ಕಾಯಲು ಪ್ರೋಗ್ರಾಮಿನಲ್ಲಿ ತಾನೇ ಬರೆದಿದ್ದ ಸಾಲನ್ನು ಆ ಗಾಬರಿಯಲ್ಲಿ ಅಳಿಸಿಬಿಟ್ಟಿದ್ದ. ಎಲ್ಲವೂ ಖಾಲಿ ಬಂದವು. "ಇಲ್ಲೆಲ್ಲೂ ರಕ್ತ ಸಿಗಂಗಿಲ್ಲ, ಹೈದ್ರಾಬಾದಿಗೇ ಒಯ್ರಿ," ಎಂದು ಮನೆಯವರಿಗೆ ಫೋನಿನಲ್ಲಿ ಕೂಗಿದ. ಆಕೆ ದಾರಿಯಲ್ಲೇ ಹೋದಳು. ರಕ್ತ ನಮ್ಮೂರಲ್ಲೇ, ಗಾಜಿಪುರದ ರಕ್ತನಿಧಿಯಲ್ಲೇ ಇತ್ತು.

ಆಮೇಲೆ ಚಹಾಕ್ಕೆ ಕರೆದರೂ ಅಂಗೈ ಎತ್ತುತ್ತಿದ್ದ: "ತಡೀರಿ, ಪುಟ ಪೂರಾ ತುಂಬ್ಲಿ."

ಅವನೆದುರು ಪರದೆಯ ಮೇಲೆ ತೆರೆದಿಟ್ಟಿದ್ದ ಪುಟ ಯಾವಾಗಲೋ ತುಂಬಿ ನಿಂತಿರುತ್ತಿತ್ತು.