ಎರಡೂ ಕೈ

ಕಪ್ಪೆಯಂತೆ ಕಾಲು ಒದೆಯುವ ಬ್ರೆಸ್ಟ್‌ಸ್ಟ್ರೋಕ್ ಈಜಿ ಹನ್ನೊಂದು ದೇಶ ಸುತ್ತಿದ ನಮ್ಮತ್ತೆಗೆ ಕಪ್ಪೆಯತ್ತೆ ಎಂದೇ ಹೆಸರು. ದೇಶ ಹೇಗಿತ್ತೆಂದು ಕೇಳಿದರೆ, "ನೀರು ಸ್ವಲ್ಪ ತಣ್ಣಗಿತ್ತು ಕಣೋ" ಅನ್ನುತ್ತಾಳೆ, ಅಷ್ಟೇ. ಆ ಈಜಿನಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು, ಇಲ್ಲದಿದ್ದರೆ ಈಜಿದ್ದೆಲ್ಲ ದಂಡ. ಹಾಗಾಗಿ ಅತ್ತೆ ಬಾಗಿಲನ್ನೂ ಎರಡು ಕೈಯಲ್ಲೇ ತಳ್ಳುತ್ತಾಳೆ, ಕಾಲಿಂಗ್ ಬೆಲ್ಲನ್ನೂ ಎರಡು ಹೆಬ್ಬೆರಳಲ್ಲಿ ಒತ್ತುತ್ತಾಳೆ. ಗೋಡೆಯ ತುಂಬ ಪದಕಗಳು. ಒಂದು ಫೈನಲ್‌ನ ಪದಕಕ್ಕೆಂದು ಅಜ್ಜಿ ಮುಂಚೆಯೇ ಹೊಡೆಸಿಟ್ಟ ಮೊಳೆ ಮಾತ್ರ ಖಾಲಿ. ಆ ಫೈನಲ್‌ನಲ್ಲಿ ಅತ್ತೆ ಮೂರನೆಯವಳು. ಎಡಗೈ ಕೂದಲೆಳೆಯಷ್ಟು ತಡವಾಗಿದ್ದು ತೀರ್ಪುಗಾರರಿಗೆ ಕಂಡಿರಲಿಲ್ಲ, ತಾನೇ ಹೋಗಿ ಹೇಳಿಬಿಟ್ಟಳು. "ಯಾರೂ ನೋಡಿರಲಿಲ್ವಲ್ಲೇ!" ಎಂದು ಅಜ್ಜಿ ಇಂದಿಗೂ ಗೊಣಗುತ್ತಾಳೆ. ಅತ್ತೆ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ಹೇಳುತ್ತಾಳೆ: "ಬಲಗೈಗೆ ಗೊತ್ತಿತ್ತಲ್ಲಮ್ಮ, ಅದು ಅಲ್ಲೇ ಕಾಯ್ತಾ ಇತ್ತು."