ಕ್ಲಿನಿಕ್ಕಿನಲ್ಲಿ ನಾನು ಬರೆಸದ ಹೆಸರು

ನಾನು ಎಸ್ಸೆಸ್ಸೆಲ್ಸಿ ಫೇಲಾದವಳು. ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಮನೆಯಲ್ಲಿ ವೀಸಾ, ಗ್ರೀನ್ ಕಾರ್ಡಿನ ವ್ಯವಹಾರ ಗಂಡನ ಪಾಲಿಗೆ. ಅಡುಗೆ ಮತ್ತು ಭಯ ನನ್ನ ಪಾಲಿಗೆ. ವರ್ಷಗಟ್ಟಲೆ ಗ್ರೀನ್ ಕಾರ್ಡಿಗೆ ಕಾಯುವ ನಮ್ಮಂಥವರಲ್ಲಿ ಒಂದು ರೂಢಿ ಬೆಳೆದಿದೆ: ಎಲ್ಲೂ ಹೆಸರು ಬರೆಸಬಾರದು. ಪಕ್ಕದ ಮನೆಯಲ್ಲಿ ಹೊಡೆದಾಟವಾದರೂ ಪೊಲೀಸರಿಗೆ ಫೋನ್ ಮಾಡಬಾರದು. ಎಲ್ಲರೂ ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ಅಂಕಲ್‌ಗಳು ಹೇಳುತ್ತಿದ್ದ ಈ ಮಾತನ್ನು ನಾನು ಕಾನೂನಿಗಿಂತ ಹೆಚ್ಚು ನಂಬಿದ್ದೆ.

ಜಾರ್ಜಿಯಾ ರಾಜ್ಯದ ಜಾನ್ಸ್ ಕ್ರೀಕಿನಲ್ಲಿರುವ ನನ್ನ ತಂಗಿ ಮೂರನೆಯ ಸಲ ಬಸುರಾದಳು. ಅವಳಿಗೆ ಅದು ಬೇಡವಾಗಿತ್ತು. ಗೊತ್ತಾಗುವಷ್ಟರಲ್ಲಿ, ಗರ್ಭ ತೆಗೆಸಲು ಅಲ್ಲಿಯ ಕಾನೂನು ಕೊಡುವ ಗಡುವು ಮುಗಿದಿತ್ತು. ಮಕ್ಕಳನ್ನು ಗಂಡನ ಬಳಿ ಬಿಟ್ಟು, ತೆಗೆಸಿಕೊಳ್ಳಲು ನಮ್ಮ ಮೇರಿಲ್ಯಾಂಡಿಗೆ ಬಂದಳು.

ಏರ್‌ಪೋರ್ಟಿನಿಂದ ಕಾರು ಹೊರಡುತ್ತಲೇ ನಾನು ಶುರು ಮಾಡಿದೆ.

“ನಿಮ್ಮ ಸ್ಟೇಟಲ್ಲಿ ತಪ್ಪು ಅಂದಿದ್ದನ್ನ ಇಲ್ಲಿ ಬಂದು ಮಾಡಿಸ್ಕೊಂಡ್ರೆ ಬಿಡ್ತಾರಾ? ನಮ್ಮ ಗ್ರೀನ್ ಕಾರ್ಡ್‌ಗೆ ಕಲ್ಲು ಹಾಕೋಕೇ ಬಂದಿದ್ದೀಯ ನೀನು.”

“ಅಕ್ಕ, ಲಾಯರ್ ಹತ್ರ ಮಾತಾಡಿದೀನಿ. ಇಲ್ಲಿ ಇದು ಲೀಗಲ್. ಬೇರೆ ಸ್ಟೇಟ್‌ನೋರು ಕೇಳಿದ್ರೂ ರೆಕಾರ್ಡ್ಸ್ ಹಾಗೆಲ್ಲ ಕೊಡಬಾರ್ದು ಅಂತ ಇಲ್ಲಿ ಲಾ ಇದೆ.”

“ನಾಳೆ ನಮ್ಮನ್ನ ವಾಪಸ್ ಕಳ್ಸಿದ್ರೆ ನಿನ್ನ ಲಾಯರ್ ಬರ್ತಾನಾ?”

“ನೀನು ಓದಿಲ್ಲ, ಸರಿ. ಕಿವಿನೂ ಇಲ್ವಾ?”

ಓದಿನ ಮಾತೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾರನ್ನು ನೇರ ಕ್ಲಿನಿಕ್ಕಿಗೇ ಓಡಿಸಿದೆ.

ಕ್ಲಿನಿಕ್ಕಿನಲ್ಲಿ ಮಂಪರು ಬರುವ ಔಷಧಿ ಕೊಡಬೇಕಾದರೆ ಮನೆಗೆ ಕರೆದೊಯ್ಯುವವರ ಹೆಸರು, ಫೋನ್ ನಂಬರ್ ಬೇಕು ಎಂದರು. ಯಾರೂ ಇಲ್ಲದಿದ್ದರೆ ಬರೀ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪೂರ್ತಿ ಎಚ್ಚರವಿರುವಾಗಲೇ ಮಾಡುತ್ತಾರಂತೆ. ತಂಗಿ ನನ್ನ ಕಡೆ ತಿರುಗಿದಳು. ಕೌಂಟರಿನ ಹೆಂಗಸಿಗೆ ನನ್ನ ಭಯ ಕಂಡಿರಬೇಕು. ನಿಮ್ಮ ಹೆಸರನ್ನು ನಾವು ಯಾರಿಗೂ ಕೊಡುವುದಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದಳು. ಅಷ್ಟು ಇಂಗ್ಲಿಷ್ ನನಗೆ ಅರ್ಥವಾಗುತ್ತದೆ.

“ನಾನು ಇವಳ ಜೊತೆ ಬಂದವಳಲ್ಲ” ಎಂದು ಅದೇ ಇಂಗ್ಲಿಷಿನಲ್ಲಿ ಹೇಳಿ ಹೊರಗೆ ಬಂದುಬಿಟ್ಟೆ.

ಕಾರಿನೊಳಗೆ ಎಸಿ ಹಾಕಿಕೊಂಡು ಕೂತೆ. ಮಾಡಿಕೊಂಡವಳು ಅವಳು, ಅವಳೇ ಅನುಭವಿಸಲಿ ಎಂದುಕೊಂಡೆ. ಇದನ್ನು ಬರೆಯಲು ಕೈ ಏಳುವುದಿಲ್ಲ. ಆದರೆ ಎಂದುಕೊಂಡಿದ್ದಂತೂ ನಿಜ. ಭಯ ಅಷ್ಟು ಹೊತ್ತಿಗೆ ಇಳಿದೇ ಹೋಗಿತ್ತು. ಎದ್ದು ಒಳಗೆ ಹೋಗದಂತೆ ತಡೆದದ್ದು ಬರೀ ಸಿಟ್ಟು.

ಅವಳು ಗೋಡೆ ಹಿಡಿದುಕೊಂಡು ಒಬ್ಬಳೇ ಬಂದಳು. ಕೆಳತುಟಿ ಕಚ್ಚಿ ಕಚ್ಚಿ ಒಡೆದಿತ್ತು. ನಾನು ಓಡಿಹೋಗಿ ಮುಂದಿನ ಬಾಗಿಲು ತೆಗೆದೆ. ಅವಳು ಹಿಂದಿನ ಸೀಟಿಗೆ ಹತ್ತಿದಳು.

“ತುಂಬಾ ನೋವಾಯ್ತೇನೇ?”

“ನೀವು ಯಾರು?”

“ಹಾಗನ್ಬೇಡ ಕಣೇ. ಮನೆಗೆ ಬಾ, ಎರಡು ದಿನ ಮಲ್ಕೋ.”

“ನಿಮ್ಮನೆ ನಂಗೊತ್ತಿಲ್ಲ. ಏರ್‌ಪೋರ್ಟ್‌ಗೆ ಬಿಡಿ.”

ಬಿಟ್ಟೆ. ಮಕ್ಕಳು ಹಟ ಮಾಡಿದವಂತೆ, ಅದಕ್ಕೇ ಬೇಗ ಹೊರಟಳು ಎಂದು ಗಂಡನಿಗೆ ಹೇಳಿದೆ.