ನೀಲಿ ಗಾಜಿನ ತಂಗಿ

ಮಾರ್ತಮ್ಮನ ಹೊಟ್ಟೆಕಿಚ್ಚಿಗೆ ಮೊದಲ ಕಿಡಿ ಹಾಕಿದ್ದು ಒಂದು ಕಿಟಕಿ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಸರ್ವಜ್ಞನಗರದ ಹಳೆಯ ಚರ್ಚೊಂದರಲ್ಲಿ ಗಂಟೆ ಹೊಡೆಯುತ್ತಿದ್ದ ಅವಳಪ್ಪ ಇನ್ನಾಸಪ್ಪ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ, ಅವಳಿಗೂ ತಂಗಿ ಮೇರಿಗೂ, ಹೆಸರು ಹುಡುಕಿದ್ದು ಆ ಚರ್ಚಿನ ಬಣ್ಣದ ಗಾಜಿನ ಕಿಟಕಿಯಲ್ಲೇ. ಅದರಲ್ಲಿ ಯೇಸುಸ್ವಾಮಿ ಅಕ್ಕತಂಗಿಯರಿಬ್ಬರ ಮನೆಗೆ ಬಂದು ಕೂತಿದ್ದಾರೆ. ಅಕ್ಕ ಮಾರ್ತಾ ಎಡಕ್ಕೆ ನಿಂತಿದ್ದಾಳೆ. ಮಾಸಲು ಕಂದು ಬಟ್ಟೆ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ಸೌಟು. ತಂಗಿ ಮರಿಯಾ ಬಲಕ್ಕೆ, ಸ್ವಾಮಿಯ ಪಾದದ ಬಳಿ, ನೀಲಿ ಸೆರಗು ಹೊದ್ದು ಆರಾಮಾಗಿ ಕೂತು ಮಾತು ಕೇಳುತ್ತಿದ್ದಾಳೆ. ಒಬ್ಬಳೇ ಒದ್ದಾಡುತ್ತಿದ್ದೇನೆ, ಇವಳಿಗೂ ಸ್ವಲ್ಪ ಹೇಳಿ ಎಂದು ಅಕ್ಕ ದೂರಿದಾಗ ಸ್ವಾಮಿ ತಂಗಿಯ ಪರ ವಹಿಸಿದರಂತೆ. ಗಾಜಿನಲ್ಲಿ ಅವರ ಕೈ ಇವತ್ತಿಗೂ ತಂಗಿಯ ಕಡೆಗೇ ಚಾಚಿದೆ.

"ಬೀಗದ ಕೈ ಅಂದ್ರೆ ಮನೆ ಜವಾಬ್ದಾರಿ, ಸೌಟು ಅಂದ್ರೆ ಸೇವೆ, ನೀಲಿ ಅಂದ್ರೆ ಸ್ವರ್ಗ," ಎಂದು ಅಪ್ಪ ಪುಟ್ಟ ಮಾರ್ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ವಿವರಿಸಿದ್ದ.

"ಮೇರಿಗೆ ಸ್ವರ್ಗ ಕೊಟ್ಟು ನಂಗ್ಯಾಕಪ್ಪಾ ಸೌಟು ಕೊಟ್ಟೆ?"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಗುವಂಥದ್ದು ಅದರಲ್ಲೇನಿತ್ತೋ, ಮಾರ್ತಮ್ಮನಿಗೆ ಅರವತ್ತರ ಹತ್ತಿರ ಬಂದರೂ ತಿಳಿದಿಲ್ಲ.

ಹೆಸರು ಸುಮ್ಮನೆ ಬಿಡಲಿಲ್ಲ. ಮಾರ್ತಮ್ಮನ ಮದುವೆಯ ಮಾತು ಎದ್ದಾಗಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಹಾಸಿಗೆ ಹಿಡಿಯುತ್ತಿದ್ದರು. ಮೊದಲು ಅಜ್ಜಿ, ಆಮೇಲೆ ಅಪ್ಪ. ಕಾನ್ವೆಂಟ್ ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗೆ ಅನ್ನ ಸಾರು ಬೇಯಿಸಿ, ಸಂಜೆ ಚರ್ಚಿನ ಬಲಿಪೀಠದ ಬಟ್ಟೆಗಳಿಗೆ ಇಸ್ತ್ರಿ ಹಾಕಿ, ಮನೆಗೆ ಬಂದು ಮತ್ತೆ ಒಲೆ ಹಚ್ಚುವುದರಲ್ಲೇ ಅವಳ ವಯಸ್ಸು ಕಳೆಯಿತು. ಮೇರಿ ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಮೆಚ್ಚಿದವನನ್ನು ಕಟ್ಟಿಕೊಂಡಳು, ಹಲಸೂರಿನಲ್ಲಿ ಸಂಸಾರ ಹೂಡಿದಳು. ಈಗ ಭಾನುವಾರ ಪೂಜೆ ಮುಗಿಸಿಕೊಂಡು ಅಮ್ಮನನ್ನು ನೋಡಲು ಬರುತ್ತಾಳೆ.

ಅಮ್ಮ ಜ್ಞಾನಮ್ಮನಿಗೆ ಸಕ್ಕರೆ ಕಾಯಿಲೆ. ಕಣ್ಣು ಪೂರ್ತಿ ಹೋಗಿದೆ, ಪಾದಗಳಿಗೆ ಸ್ಪರ್ಶವೂ ಅಷ್ಟಕ್ಕಷ್ಟೆ. ಅವಳ ಮೈ ತೊಳೆದು, ಬಟ್ಟೆ ಬದಲಿಸಿ, ಸೂಜಿ ಚುಚ್ಚುವವಳು ಮಾರ್ತಮ್ಮ. ಮೇರಿ ಬಂದವಳೇ ಮಂಚದ ಬಳಿ ಚಾಪೆ ಹಾಸಿಕೊಂಡು, ಅಮ್ಮನ ಕಾಲನ್ನು ಮಡಿಲಲ್ಲಿಟ್ಟು ಮೆಲ್ಲಗೆ ಒತ್ತುತ್ತಾಳೆ. ಅಮ್ಮ ಪಿಸಪಿಸ ಮಾತಾಡುತ್ತಾಳೆ. ಮಾರ್ತಮ್ಮ ಕಾಫಿ ತಂದರೆ ಇಬ್ಬರೂ ಗಪ್‌ಚುಪ್. ವಾರವಿಡೀ ತನ್ನೊಂದಿಗೆ "ಬಿಸಿನೀರು", "ಮಾತ್ರೆ" ಎನ್ನುವುದು ಬಿಟ್ಟು ಬೇರೆ ಮಾತಿಲ್ಲದ ಅಮ್ಮ ಅವಳೊಂದಿಗೆ ಅದೇನು ಆಡುತ್ತಾಳೆ? ಮಾರ್ತಮ್ಮನಿಗೆ ತಂಗಿಯ ಗಂಡನಾಗಲಿ ಮನೆಯಾಗಲಿ ಬೇಕಿರಲಿಲ್ಲ. ಭಾನುವಾರದ ಆ ಪಿಸುಮಾತು ಬೇಕಿತ್ತು. ಅದಕ್ಕಾಗಿ ಅವಳ ಕರುಳು ಉರಿಯುತ್ತಿತ್ತು.

ಅವಳಿಗೆಂದು ಇದ್ದದ್ದು ವರ್ಷಕ್ಕೊಂದು ದಿನ. ಜುಲೈ ಇಪ್ಪತ್ತೊಂಬತ್ತು, ಸಂತ ಮಾರ್ತಾಳ ಹಬ್ಬ. ಅಂದು ಆ ಹೆಸರಿನವಳು ಕಿಟಕಿಯ ಕೆಳಗೆ ಮೇಣದ ಬತ್ತಿ ಹಚ್ಚಿ, ಪೂಜೆ ಮುಗಿಯುವವರೆಗೆ ಅಲ್ಲೇ ನಿಲ್ಲುವುದು ಆ ಚರ್ಚಿನ ವಾಡಿಕೆ. ಅದಕ್ಕೂ ಕಲ್ಲು ಬಿತ್ತು. ಆ ದಿನ ಇನ್ನು ಮಾರ್ತಾ ಒಬ್ಬಳದಲ್ಲ, ತಂಗಿ ಮರಿಯಾ, ತಮ್ಮ ಲಾಜರ ಮೂವರದೂ ಹೌದು ಎಂದು ಕೆಲವು ವರ್ಷಗಳ ಹಿಂದೆಯೇ ರೋಮಿನಿಂದ ಅಪ್ಪಣೆ ಬಂದಿತ್ತು. ಈ ವರ್ಷ ಬಂದ ಹೊಸ ಫಾದರ್ ಅದನ್ನು ಜಾರಿಗೆ ತಂದರು.

"ಮಾರ್ತಮ್ಮ, ಈ ಸಲ ನೀವೂ ನಿಮ್ಮ ತಂಗೀನೂ ಸೇರಿ ಹಚ್ಚಿ. ಚೆನ್ನಾಗಿರುತ್ತೆ."

"ಲಾಜರ ಅನ್ನೋರು ಯಾರೂ ಸಿಗ್ಲಿಲ್ವಾ ಫಾದರ್?" ಎಂದಳು ಮಾರ್ತಮ್ಮ. ಫಾದರ್ ಅದನ್ನು ತಮಾಷೆ ಎಂದುಕೊಂಡರು.

ಹಬ್ಬದ ಬೆಳಿಗ್ಗೆ ಇಬ್ಬರೂ ಕಿಟಕಿಯ ಕೆಳಗೆ ನಿಂತರು. ಪಕ್ಕದ ಹಳೆ ಮನೆ ಕೆಡವಿ ಎಬ್ಬಿಸಿದ ಫ್ಲ್ಯಾಟು ಕಿಟಕಿಯ ಎಡಭಾಗಕ್ಕೆ ಬಿಸಿಲು ಬಾರದಂತೆ ಅಡ್ಡ ನಿಂತಿದೆ. ಹೀಗಾಗಿ ಗಾಜಿನ ಮಾರ್ತಾ ಮಸಿ ಹಿಡಿದವಳಂತೆ ಕತ್ತಲಲ್ಲಿ, ಗಾಜಿನ ಮರಿಯಾ ಝಗಝಗ. ಆ ನೀಲಿ ಬೆಳಕೆಲ್ಲ ಮೇರಿಯ ಬಿಳಿ ಸೀರೆಯ ಮೇಲೆ ಬಿತ್ತು. "ಮೇರಿ ಆಂಟಿ, ಸೂಪರ್! ಅಲ್ಲೇ ನಿಲ್ಲಿ," ಎಂದು ಜನ ಫೋನು ಎತ್ತಿದರು. ಮಾರ್ತಮ್ಮನನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದರು. ಅವಳು ಸರಿದಳು. ಸಾಕು ಅನ್ನಿಸಿತು ಅವಳಿಗೆ.

ಮನೆಗೆ ಬಂದವಳೇ, ಒಳಗೆ ಮಲಗಿದ್ದ ಅಮ್ಮನಿಗೆ ಕೇಳದಂತೆ ಬಾಗಿಲ ಹೊರಗೇ ನಿಂತು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿದಳು.

"ಮೇರಿ, ಈ ಸಲ ಹಬ್ಬದಡುಗೆ ನಿಂದು. ಕೋಳಿ ತೊಳ್ದಿಟ್ಟಿದೀನಿ."

"ನಾನಾ? ಅಕ್ಕಾ, ನಾನು ಮಾಡಿದ್ದು ಬಾಯಿಗೆ ಇಡಕ್ಕಾಗುತ್ತಾ?"

"ಇಟ್ಕೋತೀನಿ. ಹೋಗು."

ಮೇರಿ ನಗುತ್ತಲೇ ಅಡುಗೆಮನೆಗೆ ಹೋದಳು. ಮಾರ್ತಮ್ಮ ಚಾಪೆ ಹಾಸಿದಳು, ತಂಗಿ ಕೂರುವ ಜಾಗದಲ್ಲೇ ಕೂತಳು, ಅಮ್ಮನ ಕಾಲನ್ನು ಮಡಿಲಿಗೆ ತೆಗೆದುಕೊಂಡು ಮೆಲ್ಲಗೆ ಒತ್ತತೊಡಗಿದಳು. ಬಾಯಿ ಬಿಡಲಿಲ್ಲ.

"ಬಂದ್ಯಾ ಮೇರಿ?" ಎಂದಳು ಅಮ್ಮ. ಒಳಗೆ ಪಾತ್ರೆಯ ಸದ್ದಾಯಿತು. ಅಮ್ಮ ದನಿ ತಗ್ಗಿಸಿದಳು. "ನಿಮ್ಮಕ್ಕ ಒಳಗಿದಾಳೆ, ಮೆತ್ತಗೆ. ಅವಳನ್ನ ಡಾಕ್ಟ್ರಿಗೆ ತೋರ್ಸು ಅಂತ ಎಷ್ಟು ಸಲ ಹೇಳ್ಲಿ ನಿಂಗೆ? ಎಡಗಾಲು ಎಳೀತಾಳೆ ಕಣೇ. ನಂಗೆ ಕಣ್ಣಿಲ್ದಿದ್ರೂ ಕಿವಿ ಇದೆ, ರಾತ್ರಿಯೆಲ್ಲ ನರಳ್ತಾಳೆ. ನಾನು ಕೇಳಿದ್ರೆ 'ಏನಿಲ್ಲ ಸುಮ್ನಿರು' ಅಂತ ಗದರ್ತಾಳೆ. ನಾನು ಹೋದ್ಮೇಲೆ ಅವಳನ್ನ ನಿಮ್ಮನೆಗೆ ಕರ್ಕೋ. ಕೆಲ್ಸ ಹೇಳ್ಬೇಡ. ಒಂದ್ಕಡೆ ಕೂರ್ಸು. ನನ್ ಕೈಲಂತೂ ಆಗ್ಲಿಲ್ಲ."

ಇಷ್ಟು ವರ್ಷ ಮಾರ್ತಮ್ಮ ಯಾವ ಮಾತಿಗಾಗಿ ಹೊಟ್ಟೆ ಉರಿದುಕೊಂಡಿದ್ದಳೋ ಅದು ಪೂರಾ ಅವಳ ಬಗೆಗಿನ ಮಾತೇ. ಕಣ್ಣು ತುಂಬಿತು. ಅದರ ಹಿಂದೆಯೇ ಮತ್ತೆ ಕಿಚ್ಚೆದ್ದಿತು, ಮೊದಲಿಗಿಂತ ಜೋರಾಗಿ. ತನ್ನ ಮೇಲಿನ ಪ್ರೀತಿಯನ್ನೂ ಅಮ್ಮ ಆ ಮೇರಿಯ ಕೈಗೇ ಕೊಟ್ಟಿದ್ದಳಲ್ಲ! ವಾರವಾರವೂ ಅದನ್ನು ಕೇಳಿಸಿಕೊಂಡು, ಕಾಫಿ ಕುಡಿದು, ಒಂದು ಮಾತೂ ಹೇಳದೆ ಎದ್ದು ಹೋಗಿದ್ದಾಳಲ್ಲ ಅವಳು!

"ಅಕ್ಕಾ! ಉಪ್ಪು ಎಲ್ಲಿಟ್ಟಿದೀಯಾ?" ಎಂದು ಮೇರಿ ಅಡುಗೆಮನೆಯಿಂದ ಕೂಗಿದಳು.

ಒಳಗಿರುವವಳು ಮೇರಿಯಾದರೆ ಕಾಲ ಬಳಿ ಇರುವವಳು ಯಾರೆಂದು ಅಮ್ಮನಿಗೆ ಹೊಳೆಯಿತು. ಅಷ್ಟರಲ್ಲಿ ಅಭ್ಯಾಸಬಲದಿಂದ ಮಾರ್ತಮ್ಮ ಅರ್ಧ ಎದ್ದಾಗಿತ್ತು. ಅಮ್ಮನ ಕೈ ಗಾಳಿಯಲ್ಲಿ ತಡಕಾಡಿ ಅವಳ ತಲೆಯನ್ನು ಹಿಡಿದುಕೊಂಡಿತು, ಕೆಳಕ್ಕೆ ಒತ್ತಿತು.

"ಕೂತ್ಕೋ ಮಾರ್ತಾ," ಎಂದಳು ಅಮ್ಮ. "ಅವಳೇ ಹುಡುಕ್ಕೊಳ್ಲಿ."